ಬಿಟ್ಟ ಮೇಲಿನ ದಿನಗಳಿಗೆ ಜೊತೆ ಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕುಡಿತವನ್ನು ಒಮ್ಮೆಯೂ ಬಿಡದ ಕುಡುಕ ಸಿಗುವುದು ಕಷ್ಟ. ಅಯ್ಯಪ್ಪನ ಮಾಲೆ ಹಾಕಿದಾಗ ಬಿಡುತ್ತಾರೆ. ಶ್ರಾವಣದಲ್ಲಿ ಬಿಡುತ್ತಾರೆ. ಮಗಳ ಮದುವೆ ಗೊತ್ತಾದಾಗ, ಡಾಕ್ಟರು ಲಿವರಿನ ರಿಪೋರ್ಟ್ ನೋಡಿ ಸುಮ್ಮನಾದಾಗ, ಮಾರಿಕಾಂಬೆಯ ಎದುರು ಹೆಂಡತಿ ಆಣೆ ಹಾಕಿಸಿದಾಗ ಬಿಡುತ್ತಾರೆ. ವ್ರತದ 41 ದಿನ ಒಂದು ತೊಟ್ಟನ್ನೂ ಮುಟ್ಟದೆ, ಬರಿಗಾಲಲ್ಲಿ ನಡೆದು, ತಣ್ಣೀರು ಮಿಂದು ಶಬರಿಮಲೆಗೆ ಹೋಗಿ ಬಂದವನು ಮಾಲೆ ತೆಗೆದ ಸಂಜೆಯೇ ಪೇಟೆಯ ಬಾರಿನಲ್ಲಿ ಕೂತಿರುತ್ತಾನೆ. ‘ಎಲ್ಲ ನಾಟಕ’ ಎನ್ನುತ್ತಾರೆ ಮನೆಯವರು. ಅವರ ನೋವಿಗೆ ಆ ಮಾತು ಸಹಜ. ಆದರೆ ಆ 41 ದಿನ ಅವನು ನಿಜವಾಗಿಯೂ ಬಿಟ್ಟಿದ್ದ. ಆಗ ಅವನ ಹತ್ತಿರ ಏನೇನಿತ್ತು ಎಂದು ನೋಡಿ. ಜೊತೆಗೊಂದು ಗುಂಪಿತ್ತು, ಕೇಳಲು ಗುರುಸ್ವಾಮಿ ಇದ್ದ, ಬೆಳಿಗ್ಗೆ ಸಂಜೆ ಹೋಗಿ ಕೂರಲು ಒಂದು ಜಾಗವಿತ್ತು, ‘ಸ್ವಾಮಿ’ ಎಂದು ಮರ್ಯಾದೆಯಿಂದ ಕರೆಯುವ ಊರಿತ್ತು. ಮಾಲೆ ತೆಗೆಯುವುದೇ ತಡ, ಇವೆಲ್ಲ ಒಟ್ಟಿಗೇ ಕೈಬಿಡುತ್ತವೆ. ಉಳಿಯುವುದು ಅವನು ಮತ್ತು ಸಂಜೆ ಆರು ಗಂಟೆ.

ಹೀಗಾಗಿ ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಕುಡಿತ ಬಿಡಿಸುವುದು ಹೇಗೆ ಎಂಬುದಲ್ಲ. ಬಿಟ್ಟವನು ನಾಳೆ, ನಾಡಿದ್ದು, ಬರುವ ಅಡಿಕೆ ಕೊಯ್ಲಿನಲ್ಲಿ, ಮುಂದಿನ ಜಾತ್ರೆಯಲ್ಲಿ ಯಾರ ಜೊತೆ ಕೂರುತ್ತಾನೆ ಎಂಬುದು. ಅದಕ್ಕೆ ಜಗತ್ತಿನಲ್ಲಿ ಇದುವರೆಗೆ ಸಿಕ್ಕಿರುವ ಗಟ್ಟಿ ಉತ್ತರಗಳಲ್ಲಿ ಒಂದು, ಕುಡಿತ ಬಿಟ್ಟವರೇ ವಾರಕ್ಕೊಮ್ಮೆಯಾದರೂ ಸೇರುವ ಸಭೆ. ಅಂಥ ಸಭೆ ನಡೆಯುವುದು ಹೇಗೆ, ನಮ್ಮ ಈ ಮೂರು ತಾಲ್ಲೂಕಿನವರು ಅದನ್ನು ಹುಡುಕುವುದು ಹೇಗೆ ಎಂದು ಇವತ್ತು ಬಿಡಿಸಿ ಹೇಳಬೇಕೆಂದಿದ್ದೇನೆ.

ಇಂಥ ಸಭೆಗಳಲ್ಲಿ ಹೆಚ್ಚು ಹೆಸರಾದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎ.ಎ. ಅದು ಹುಟ್ಟಿದ್ದು 1935ರಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ. ಕೆಲವೇ ತಿಂಗಳ ಹಿಂದೆ ಕುಡಿತ ಬಿಟ್ಟಿದ್ದ ಬಿಲ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಅಲ್ಲಿಗೆ ಕೆಲಸದ ಮೇಲೆ ಹೋಗಿದ್ದ. ಹೋದ ಕೆಲಸ ಕೆಟ್ಟಿತು. ಕೈಯಲ್ಲಿ ಕಾಸಿಲ್ಲ, ಪರಿಚಯದವರಿಲ್ಲ. ಹೋಟೆಲಿನ ಪಡಸಾಲೆಯ ಒಂದು ಬದಿಯಲ್ಲಿ ಬಾರು, ಇನ್ನೊಂದು ಬದಿಯಲ್ಲಿ ಟೆಲಿಫೋನು. ಅವನು ಟೆಲಿಫೋನಿನ ಕಡೆ ನಡೆದ. ಊರಿನ ಪಾದ್ರಿಯೊಬ್ಬರಿಗೆ ಕರೆ ಮಾಡಿ, ನನ್ನಂತೆಯೇ ಕುಡಿತದಲ್ಲಿ ಸಿಕ್ಕಿಬಿದ್ದವರು ಈ ಊರಿನಲ್ಲಿ ಯಾರಾದರೂ ಇದ್ದಾರೆಯೇ, ಅವರ ಜೊತೆ ಮಾತಾಡಬೇಕು ಎಂದು ಕೇಳಿದ. ಹಾಗೆ ಕೇಳುತ್ತಾ ಹೋಗಿ ಸಿಕ್ಕವರು ಬಾಬ್ ಎಂಬ ಶಸ್ತ್ರವೈದ್ಯ. ಕಾಲು ಗಂಟೆ ಮಾತ್ರ ಎಂದುಕೊಂಡು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಅವರು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಎ.ಎ. ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಬಿಲ್ ಫೋನ್ ಮಾಡಿದ್ದು ಡಾಕ್ಟರನ್ನು ಉದ್ಧಾರ ಮಾಡಲಿಕ್ಕಲ್ಲ, ಆ ಸಂಜೆ ತಾನು ಕುಡಿಯದೆ ಇರಲಿಕ್ಕೆ. ಎದುರಿಗಿದ್ದವನು ಉಪದೇಶಕ್ಕೆ ಬಂದವನಲ್ಲ, ತನ್ನಷ್ಟೇ ಕಷ್ಟದಲ್ಲಿದ್ದಾನೆ ಎಂದು ತಿಳಿದದ್ದಕ್ಕೇ ಡಾಕ್ಟರು ಕಿವಿಗೊಟ್ಟರು. ಸಭೆಯ ಗುಟ್ಟು ಇಷ್ಟೇ. ಭಾರತಕ್ಕೆ ಎ.ಎ. ಬಂದದ್ದು 1957ರಲ್ಲಿ, ದೆಹಲಿಗೆ ಕೆಲಸಕ್ಕೆಂದು ಬಂದಿದ್ದ ಕೆನಡಾದ ಸದಸ್ಯರೊಬ್ಬರಿಂದ.

ಮೊದಲ ಸಲ ಹೋಗುವವನಿಗೆ ಹೊಸ್ತಿಲು ದಾಟುವುದೇ ದೊಡ್ಡ ಕೆಲಸ. ಆದ್ದರಿಂದ ಒಳಗೆ ಏನು ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಸಾಮಾನ್ಯವಾಗಿ ಶಾಲೆಯದೋ ಚರ್ಚಿನದೋ ಆಸ್ಪತ್ರೆಯದೋ ಒಂದು ಕೋಣೆ, ಹತ್ತಿಪ್ಪತ್ತು ಕುರ್ಚಿ, ಒಂದು ಥರ್ಮಾಸ್ ಚಹಾ. ಬಾಗಿಲಲ್ಲಿ ಹೆಸರು ಬರೆಸಿಕೊಳ್ಳುವುದಿಲ್ಲ, ಆಧಾರ್ ಕೇಳುವುದಿಲ್ಲ, ಯಾವ ಊರು, ಯಾವ ಜಾತಿ ಎನ್ನುವುದಿಲ್ಲ. ಕುಡಿತ ಬಿಡಬೇಕು ಎಂಬ ಆಸೆಯೊಂದಿದ್ದರೆ ಸದಸ್ಯತ್ವಕ್ಕೆ ಅಷ್ಟು ಸಾಕು, ಶುಲ್ಕವಿಲ್ಲ. ಹೊತ್ತಾದಾಗ ಒಬ್ಬರು ಎದ್ದು ಎ.ಎ. ಎಂದರೇನು ಎಂಬ ನಾಲ್ಕು ಸಾಲು ಓದುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹೆಸರು ಹೇಳಿ, ‘ನಾನು ಮದ್ಯವ್ಯಸನಿ’ ಎಂದು ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಅಡ್ಡಮಾತಿಲ್ಲ, ಬುದ್ಧಿವಾದವಿಲ್ಲ, ‘ನೀನು ಹೀಗೆ ಮಾಡಬೇಕಿತ್ತು’ ಎಂಬ ತೀರ್ಪಿಲ್ಲ. ಹೊಸಬ ಬಾಯಿಬಿಡಲೇಬೇಕೆಂದೇನಿಲ್ಲ. ‘ಇವತ್ತು ಕೇಳುತ್ತೇನೆ’ ಎಂದರೆ ಅಲ್ಲಿಗೆ ಮುಗಿಯಿತು. ಕೊನೆಗೆ ಒಂದು ತಟ್ಟೆಯೋ ಟೊಪ್ಪಿಯೋ ಸುತ್ತು ಬರುತ್ತದೆ, ಹಾಕುವವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಕೋಣೆಯ ಬಾಡಿಗೆ, ಚಹಾದ ಖರ್ಚು ಅದರಲ್ಲೇ. ಹೊರಗಿನವರು ದೊಡ್ಡ ದೇಣಿಗೆ ಕೊಡಲು ಬಂದರೂ ತೆಗೆದುಕೊಳ್ಳುವುದಿಲ್ಲ ಎಂಬುದು ಅವರ ಕಟ್ಟುನಿಟ್ಟಾದ ಸಂಪ್ರದಾಯ.

ಕುಡಿತದ ಕೆಡುಕಿನ ಬಗ್ಗೆ ಅಲ್ಲಿ ದೊಡ್ಡ ಭಾಷಣ ಇರುವುದಿಲ್ಲ. ಬಾಟಲಿಯನ್ನು ಪಂಪ್‌ಸೆಟ್ಟಿನ ಮನೆಯಲ್ಲಿ, ಗೊಬ್ಬರಗುಂಡಿಯ ಬದಿಯಲ್ಲಿ, ಅಡಿಕೆ ಚೀಲಗಳ ಸಂದಿಯಲ್ಲಿ ಹೇಗೆ ಬಚ್ಚಿಡುವುದು ಎಂಬಂಥ ಮಾತು ಬರುತ್ತದೆ. ಬಾಯಿ ವಾಸನೆಗೆ ಎಷ್ಟು ಏಲಕ್ಕಿ ಅಗಿಯಬೇಕಾಗುತ್ತದೆ, ಸೊಸೈಟಿಯಿಂದ ತಂದ ಅಡಿಕೆ ದುಡ್ಡು ಮನೆ ಮುಟ್ಟುವ ಮೊದಲೇ ಎಲ್ಲೆಲ್ಲಿ ಕರಗುತ್ತದೆ ಎಂಬುದೂ ಬರುತ್ತದೆ. ಕೇಳುತ್ತಿದ್ದವರು ನಗುತ್ತಾರೆ. ಅವರೂ ಅದನ್ನೇ ಮಾಡಿದವರು. ವರ್ಷಗಟ್ಟಲೆ ‘ನನ್ನಷ್ಟು ಕೆಟ್ಟವನು ಇನ್ನೊಬ್ಬನಿಲ್ಲ’ ಎಂದುಕೊಂಡಿದ್ದ ಮನುಷ್ಯ ಆ ನಗುವಿನ ನಡುವೆ ಮೊದಲ ಬಾರಿ ಬೆನ್ನು ನೇರ ಮಾಡಿ ಕೂರುತ್ತಾನೆ. ದೇವರ ಹೆಸರು ಬರುತ್ತದೆ, ಆದರೆ ಅವರವರು ತಿಳಿದ ದೇವರು. ನಂಬದವರೂ ಬಂದು ಕೂರುತ್ತಾರೆ.

ಇದೆಲ್ಲ ಬರೀ ಮಾತಿನ ಸಮಾಧಾನವಲ್ಲವೇ ಎಂದು ಕೇಳುವವರಿದ್ದಾರೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಮಿಕ್ಕಿದ ಜನರ ಫಲಿತಾಂಶವನ್ನು ಒಟ್ಟು ಹಾಕಿ ನೋಡಿತು. ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ, ಎ.ಎ. ಸಭೆಗಳಿಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆ ಬೇರೆ ಹೆಸರಾಂತ ಮನಶ್ಶಾಸ್ತ್ರೀಯ ಚಿಕಿತ್ಸೆಗಳಿಗಿಂತ ಹೆಚ್ಚಿನವರಿಗೆ ನೆರವಾಗಿತ್ತು. ಎಲ್ಲರಿಗೂ ಇದೇ ಒಗ್ಗುತ್ತದೆ ಎಂದು ಇದರ ಅರ್ಥವಲ್ಲ. ಖರ್ಚಿಲ್ಲದ ಈ ದಾರಿಯನ್ನು ನೋಡದೆಯೇ ತಳ್ಳಿಹಾಕಬಾರದು ಎಂದಷ್ಟೇ.

ನಮ್ಮ ಜಿಲ್ಲೆಯ ಜನರಿಗೆ ಹೆಚ್ಚು ಪರಿಚಿತವಾದ ಇನ್ನೊಂದು ದಾರಿ ಧರ್ಮಸ್ಥಳದ್ದು. ಡಾ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆಯ ಬೆನ್ನಿಗೆ, 1990ರ ದಶಕದಲ್ಲಿ ಬೆಳ್ತಂಗಡಿ ಕಡೆಯಿಂದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಬೆಳೆದವು. ಈಗ ಅವು ರಾಜ್ಯದ ಮೂಲೆಮೂಲೆಯಲ್ಲಿ ನಡೆಯುತ್ತವೆ. ಊರವರೇ ವ್ಯವಸ್ಥಾಪನಾ ಸಮಿತಿ ಮಾಡಿಕೊಂಡು ಕಲ್ಯಾಣ ಮಂಟಪವನ್ನೋ ಸಭಾಭವನವನ್ನೋ ಹಿಡಿಯುತ್ತಾರೆ. ಎಂಟು ದಿನ ಅಲ್ಲೇ ವಾಸ. ಯೋಗ, ಭಜನೆ, ಆಪ್ತಸಲಹೆ, ಜೊತೆಗೆ ಆರೋಗ್ಯ ತಪಾಸಣೆ, ಮನೆಯವರನ್ನು ಕರೆಸಿ ಮಾತು. ಊರಿನ ಪ್ರಮುಖರು ಬಂದು ಬಡಿಸುತ್ತಾರೆ. ಹತ್ತು ವರ್ಷದಿಂದ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳದ ಮನುಷ್ಯನಿಗೆ ಊರಿನ ಹಿರಿಯರು ಎಲೆ ಹಾಕಿ ಬಡಿಸುವುದು ಸಣ್ಣ ಸಂಗತಿಯಲ್ಲ.

ಆದರೆ ಶಿಬಿರದ ಸಮಾರೋಪದ ಫೋಟೊ ಪತ್ರಿಕೆಯಲ್ಲಿ ಬಂದ ಮೇಲೆ ಏನು? ಇದನ್ನು ವೇದಿಕೆಯವರು ಮೊದಲೇ ಯೋಚಿಸಿದ್ದಾರೆ. ಶಿಬಿರದಿಂದ ಹೊರಬಂದವರು ‘ನವಜೀವನ ಸದಸ್ಯರು’. ಅವರಿಗಾಗಿಯೇ ನವಜೀವನ ಸಮಿತಿಗಳಿವೆ, ಸಮಿತಿಗಳ ಸಭೆಗಳಿವೆ, ನೂರು ದಿನ ದಾಟಿದವರಿಗೆ ಶತದಿನೋತ್ಸವವಿದೆ. ನನಗೆ ಕೇಳಿದರೆ ಇಡೀ ಯೋಜನೆಯ ಜೀವ ಇರುವುದು ಈ ಸಮಿತಿಯ ಸಭೆಗಳಲ್ಲಿ. ಉದ್ಘಾಟನೆಗೆ ಶಾಸಕರು ಬರುತ್ತಾರೆ, ಸಮಾರೋಪಕ್ಕೆ ಸ್ವಾಮೀಜಿಗಳು ಬರುತ್ತಾರೆ. ಮೂರನೇ ತಿಂಗಳ ಸಮಿತಿ ಸಭೆಗೆ ಬರುವವರು ಆ ಸದಸ್ಯರು ಮಾತ್ರ, ಅವರೂ ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಹೋಗುವ ಅಪಾಯವಿರುತ್ತದೆ. ಶಿಬಿರಕ್ಕೆ ದೇಣಿಗೆ ಕೊಟ್ಟ ಊರು ಆ ಸಭೆ ನಿಲ್ಲದಂತೆಯೂ ನೋಡಿಕೊಳ್ಳಬೇಕು.

ಎರಡೂ ದಾರಿಗಳ ಸ್ವಭಾವ ಬೇರೆ. ಎ.ಎ.ಯಲ್ಲಿ ಗುಟ್ಟು ಮುಖ್ಯ, ನವಜೀವನದಲ್ಲಿ ಊರಿನ ಮುಂದೆ ಎದ್ದು ನಿಲ್ಲುವುದು ಮುಖ್ಯ. ನಾಲ್ಕು ಜನರ ಎದುರು ಶಾಲು ಹೊದಿಸಿಕೊಂಡರೆ ಕೆಲವರಿಗೆ ಆ ಮರ್ಯಾದೆಯೇ ಕಾವಲು. ಶಾಲಾ ಶಿಕ್ಷಕಿಗೆ, ಬ್ಯಾಂಕಿನ ನೌಕರನಿಗೆ, ಪೌರೋಹಿತ್ಯ ಮಾಡುವವನಿಗೆ ಹಾಗೆ ಊರಿನ ಮುಂದೆ ನಿಲ್ಲುವುದೇ ಭಯ. ಹೆಂಗಸರ ಮಾತಂತೂ ಇನ್ನೂ ಕಷ್ಟದ್ದು. ಕುಡಿತದ ಕಾಯಿಲೆ ಇರುವ ಹೆಂಗಸರು ನಮ್ಮಲ್ಲೂ ಇದ್ದಾರೆ. ಗಂಡಸರೇ ತುಂಬಿದ ಸಭಾಭವನಕ್ಕೆ ಅವರು ಬರುವುದಾದರೂ ಹೇಗೆ? ಅಂಥವರಿಗೆ ಫೋನಿನಲ್ಲಿ, ವಿಡಿಯೊ ಕರೆಯಲ್ಲಿ ನಡೆಯುವ ಎ.ಎ. ಸಭೆ ದೊಡ್ಡ ವರ. ಕೊರೊನಾ ಕಾಲದಲ್ಲಿ ಹೆಚ್ಚಿದ ಈ ಪದ್ಧತಿ ಆಮೇಲೂ ಉಳಿದಿದೆ. ನಮ್ಮ ಘಟ್ಟದ ಹಳ್ಳಿಗಳಲ್ಲಿ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಬೇಕಾಗುತ್ತದೆ ನಿಜ. ಹತ್ತಿದರೂ ನಷ್ಟವಿಲ್ಲ.

‘ಗುರುತು ಸಿಗುತ್ತದೆ’ ಎಂಬ ಹೆದರಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನಮ್ಮದು ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಮೂರು ಜನ ‘ಎಂಥ, ಪೇಟೆಗೆ ಬಂದ್ಯನೋ?’ ಎಂದು ಕೇಳುವ ಸೀಮೆ. ಬಾರಿನ ಬಾಗಿಲಲ್ಲಿ ಕಂಡರೆ ಯಾರೂ ಏನೂ ಅನ್ನುವುದಿಲ್ಲ, ಕುಡಿತ ಬಿಡುವವರ ಸಭೆಯ ಬಾಗಿಲಲ್ಲಿ ಕಂಡರೆ ಸುದ್ದಿಯಾಗುತ್ತದೆ. ಇದು ಊರಿನ ತಪ್ಪು, ಊರೇ ತಿದ್ದಿಕೊಳ್ಳಬೇಕು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಸಿದ್ದಾಪುರದವರು ಶಿರಸಿಗೆ ಬರಬಹುದು, ತಾಳಗುಪ್ಪ ದಾಟಿ ಸಾಗರಕ್ಕೂ ಶಿವಮೊಗ್ಗಕ್ಕೂ ಹೋಗಬಹುದು. ಯಲ್ಲಾಪುರದಿಂದ ಹುಬ್ಬಳ್ಳಿ ಸುಮಾರು 70 ಕಿಲೋಮೀಟರ್, ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಬಸ್ಸಿಗೆ ಕೊರತೆಯಿಲ್ಲ. ಅಡಿಕೆ ಮಂಡಿಗೂ ಸಂತೆಗೂ ಹೋದಂತೆ ಹೋಗಿ ಬರಬಹುದು. ಸಂಜೆಯ ಸಭೆಯಾದರೆ ಹಳ್ಳಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ನೋಡಿಕೊಳ್ಳಿ. ಬಸ್ಸು ತಪ್ಪಿ ಪೇಟೆಯಲ್ಲಿ ಉಳಿಯುವ ರಾತ್ರಿ ಹೊಸಬನಿಗೆ ಒಳ್ಳೆಯದಲ್ಲ.

ಹುಡುಕುವುದು ಎಲ್ಲಿಂದ? ಎ.ಎ.ಯ ಭಾರತದ ಸೇವಾ ಕಚೇರಿ ಮುಂಬೈಯಲ್ಲಿದೆ, ಅದರ ಜಾಲತಾಣದಲ್ಲಿ ಸಭೆಗಳ ವಿವರ ಸಿಗುತ್ತದೆ. ಸಭೆಯ ದಿನ, ಹೊತ್ತು, ಜಾಗ ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ಒಂದು ಫೋನ್ ಮಾಡಿ, ಕನ್ನಡದಲ್ಲಿ ನಡೆಯುತ್ತದೆಯೇ ಎಂದೂ ಕೇಳಿ. ನವಜೀವನ ಸಮಿತಿಯ ದಾರಿ ಇನ್ನೂ ಹತ್ತಿರದ್ದು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ ಧರ್ಮಸ್ಥಳ ಯೋಜನೆಯ ಸ್ವಸಹಾಯ ಸಂಘದಲ್ಲಿ ಇದ್ದೇ ಇರುತ್ತಾರೆ. ಸಂಘಕ್ಕೆ ಬರುವ ಸೇವಾಪ್ರತಿನಿಧಿಯನ್ನು ಕೇಳಿದರೆ ಮುಂದಿನ ಶಿಬಿರ ಎಲ್ಲಿ, ಸಮಿತಿ ಎಲ್ಲಿ ಸೇರುತ್ತದೆ ಎಂದು ವಿಚಾರಿಸಿ ಹೇಳುತ್ತಾರೆ. ಯಾರನ್ನೂ ಕೇಳಲು ಮನಸ್ಸಿಲ್ಲದಿದ್ದರೆ ಎರಡು ನಂಬರು ಬರೆದಿಟ್ಟುಕೊಳ್ಳಿ. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ.

ಇಲ್ಲೊಂದು ವಿಷಯವನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ದಿನವೂ ವಿಪರೀತ ಕುಡಿಯುವವರು ಡಾಕ್ಟರನ್ನು ನೋಡದೆ ಒಮ್ಮೆಲೇ ನಿಲ್ಲಿಸಬಾರದು. ಬೆಳಿಗ್ಗೆ ಚಹಾದ ಲೋಟ ಹಿಡಿಯಲು ಎರಡೂ ಕೈ ಬೇಕಾಗುವವನನ್ನು, ಕೈನಡುಕ ನಿಲ್ಲಲಿ ಎಂದು ಒಂದು ನೈಂಟಿ ಹಾಕಿಯೇ ಅಡಿಕೆ ಮರ ಹತ್ತುವ ಕೊನೆಗೌಡನನ್ನು ನೀವು ಕಂಡಿರಬಹುದು. ಅಂಥವನ ಮೈ ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತವೆ. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಾಣುವುದು, ಯಾರೋ ಕರೆದಂತೆ ಕೇಳುವುದು, ಜಾಗ ಹೊತ್ತು ತಿಳಿಯದೆ ಒದ್ದಾಡುವುದು ಆದರೆ ಅದು ಪ್ರಾಣಕ್ಕೆ ಎರವಾಗುವ ಸ್ಥಿತಿ. ‘ಗಾಳಿ ಸೋಕಿದೆ’ ಎಂದು ನೋಟ ನೋಡಿಸುತ್ತ, ತಾಯಿತ ಕಟ್ಟಿಸುತ್ತ ಕೂರುವ ಹೊತ್ತಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆಯಿದೆ, ಸಿದ್ದಾಪುರ ಯಲ್ಲಾಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಡಿಮ್ಹಾನ್ಸ್ ಹತ್ತಿರ. ಅಲ್ಲಿ ಕೊಡುವ ಮಾತ್ರೆ, ಥಯಾಮಿನ್ ಇಂಜೆಕ್ಷನ್ ಈ ದಿನಗಳನ್ನು ದಾಟಿಸುತ್ತವೆ. ಸಭೆ ಅದರ ಮುಂದಿನ ಕೆಲಸ, ಆಸ್ಪತ್ರೆಗೆ ಬದಲಿಯಲ್ಲ.

ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ.’ ದಯವಿಟ್ಟು ಇದಕ್ಕೆ ಬಲಿಯಾಗಬೇಡಿ. ಇಂಥ ಪುಡಿಯಲ್ಲಿ ಏನಿದೆ ಎಂದು ಕೊಳ್ಳುವವರಿಗೆ ತಿಳಿಯುವ ಬಗೆಯಿಲ್ಲ. ಡೈಸಲ್ಫಿರಾಮ್ ಎಂಬ ಔಷಧವನ್ನು ವೈದ್ಯರು ಕೊಡುವುದುಂಟು, ಆದರೆ ರೋಗಿಗೆ ತಿಳಿಸಿ, ಒಪ್ಪಿಸಿ, ತಪಾಸಣೆ ಮಾಡಿ ಕೊಡುತ್ತಾರೆ. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಗಂಡನ ಸಾಂಬಾರಿಗೆ ಗುಟ್ಟಾಗಿ ಬೆರೆಸುವ ಹೆಂಡತಿ ಪ್ರೀತಿಯಿಂದಲೇ ಅವನ ಜೀವವನ್ನು ಪಣಕ್ಕೆ ಇಡುತ್ತಿರುತ್ತಾಳೆ. ಹಾಗೆಯೇ, ತಿಂಗಳಿಗೆ ಸಾವಿರಾರು ರೂಪಾಯಿ ತೆಗೆದುಕೊಂಡು ಕೂಡಿಹಾಕಿ ಹೊಡೆಯುವ ‘ಕೇಂದ್ರ’ಗಳಿಗೂ ಯಾರನ್ನೂ ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವ್ಯಸನಿಗೂ ಅನ್ವಯಿಸುತ್ತದೆ. ನೋಂದಣಿ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಮನೆಯವರಿಗೂ ಸಭೆ ಬೇಕು. ಎ.ಎ.ಯ ಜೊತೆಗೇ ಬೆಳೆದ ಅಲ್-ಅನಾನ್ ಕುಟುಂಬದವರಿಗಾಗಿಯೇ ಇರುವ ಕೂಟ, ಅಮೆರಿಕದಲ್ಲಿ 1951ರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಗೆಳತಿಯೊಬ್ಬರ ಜೊತೆ ಸೇರಿ ಕಟ್ಟಿದ್ದು. ಸಂಜೆ ಬೈಕಿನ ಸದ್ದು ಕೇಳಿದರೆ ಮಕ್ಕಳನ್ನು ಒಳಗೆ ಕಳಿಸುವ, ಸಾಲಗಾರರಿಗೆ ಸುಳ್ಳು ಹೇಳುವ, ತವರಿಗೆ ಫೋನ್ ಮಾಡಿ ‘ಎಲ್ಲ ಚೆನ್ನಾಗಿದೆ’ ಎನ್ನುವ ಹೆಂಗಸು ತನ್ನಂಥ ಇನ್ನೊಬ್ಬಳ ಎದುರು ಅತ್ತು ಹಗುರಾಗಲು ಗಂಡ ಕುಡಿತ ಬಿಡುವವರೆಗೆ ಕಾಯಬೇಕಾಗಿಲ್ಲ. ಅವನು ಬಿಡದಿದ್ದರೂ ಅವಳಿಗೆ ಅದು ಬೇಕು.

ಈ ನೆಲಕ್ಕೆ ಮದ್ಯದ ವಿರುದ್ಧದ ಹೋರಾಟ ಹೊಸದೇನಲ್ಲ. 1934ರಲ್ಲಿ ಗಾಂಧೀಜಿ ಶಿರಸಿ ಸಿದ್ದಾಪುರಕ್ಕೆ ಬಂದದ್ದನ್ನು ಹಿರಿಯರು ಹೇಳುತ್ತಿದ್ದರು. ಆಮೇಲೆ ಮುಂಬೈ ರಾಜ್ಯದಲ್ಲಿದ್ದಾಗ ನಮ್ಮ ಜಿಲ್ಲೆಯೂ 1949ರ ಪಾನನಿಷೇಧ ಕಾಯ್ದೆಯಡಿ ಬಂತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ ಬಂತು, ಅದು ಈಗ ಹಳ್ಳಿಯ ಗೂಡಂಗಡಿಯಲ್ಲೂ ಕದ್ದು ಮಾರಾಟವಾಗುತ್ತದೆ. ಮಾರಾಟಕ್ಕೆ ಕಡಿವಾಣ ಬೇಕೇ ಬೇಕು, ಅದಕ್ಕಾಗಿ ಹೋರಾಡುವ ಹೆಂಗಸರ ಜೊತೆ ನಾನಿದ್ದೇನೆ. ಆದರೆ ಇವತ್ತು ಸಂಜೆ ಕೈ ನಡುಗುತ್ತಿರುವವನು ಕಾನೂನು ಬರುವವರೆಗೆ ಕಾಯಲಾರ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರಲ್ಲಿ ಕೆಲವರು ನಮ್ಮ ಕೇರಿಯವರೇ.

ಬಿಟ್ಟವನು ಮತ್ತೆ ಜಾರಬಹುದು. ಜಾರಿದವನನ್ನು ಸಭೆ ಹೊರಗೆ ಹಾಕುವುದಿಲ್ಲ, ಮುಂದಿನ ವಾರವೂ ಅದೇ ಕುರ್ಚಿ ಇರುತ್ತದೆ. ಮನೆಯವರೂ ಊರವರೂ ಇಷ್ಟು ಕಲಿತರೆ ದೊಡ್ಡ ಉಪಕಾರ.

ಹತ್ತಿರದಲ್ಲಿ ಸಭೆಯೇ ಇಲ್ಲ ಎನ್ನುವ ಊರಿನವರಿಗೆ ಒಂದು ಮಾತು. ಎ.ಎ.ಯ ಪ್ರಕಾರ ಕುಡಿತ ಬಿಡಲೆಂದು ಇಬ್ಬರು ಮೂವರು ಸೇರಿದರೂ ಅದು ಒಂದು ಗುಂಪು. ಬೇಕಾಗುವುದು ವಾರಕ್ಕೆ ಒಂದೂವರೆ ಗಂಟೆ ಒಂದು ಕೋಣೆ. ಸೊಸೈಟಿ, ಶಾಲೆ, ದೇವಸ್ಥಾನ, ಚರ್ಚು, ಮಸೀದಿ, ಗ್ರಂಥಾಲಯ ಇವುಗಳ ಆಡಳಿತ ಮಂಡಳಿಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ಭಾನುವಾರ ಮಧ್ಯಾಹ್ನ ಖಾಲಿ ಬಿದ್ದಿರುವ ಒಂದು ಕೋಣೆಯ ಕೀಲಿಯನ್ನು ಇಂಥವರಿಗೆ ಕೊಡಿ. ಹೆಸರು ಕೇಳಬೇಡಿ, ಬೋರ್ಡು ಹಾಕಬೇಡಿ, ಉದ್ಘಾಟನೆಗೆ ಯಾರನ್ನೂ ಕರೆಯಬೇಡಿ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಮತ್ತು ಆಶಾ ಕಾರ್ಯಕರ್ತೆಯರಿಗೆ ದಿನ ಮತ್ತು ಹೊತ್ತು ತಿಳಿಸಿದರೆ ಸಾಕು, ಬರಬೇಕಾದವರನ್ನು ಅವರು ಕಳಿಸುತ್ತಾರೆ.